ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ, ಬೆರಳು ಜೋಮು ಹಿಡಿದಿದ್ದನ್ನೂ ಹೇಳಿ

ಕಳೆದ ವಾರದ ಪತ್ರ: ನನಗೆ ಸ್ತನ ಕ್ಯಾನ್ಸರ್. ಇಲ್ಲೇ ಬೆಂಗಳೂರಿನಲ್ಲಿ ಚಿಕಿತ್ಸೆ. ಮೊದಲು ಕೊಟ್ಟ ಕೆಂಪು ಔಷಧಿಯಿಂದ ವಾಂತಿ, ಬಾಯಿಹುಣ್ಣು, ಜ್ವರ ಅಂತ ಸೋತು ಸುಣ್ಣವಾಗಿದ್ದೆ. ನಡುರಾತ್ರಿ ಫೋನ್ ಮಾಡಿದರೂ ಎತ್ತಿ, ಅಡ್ಮಿಟ್ ಮಾಡಿಸಿ ಉಳಿಸಿದ್ದು ನಮ್ಮ ಡಾಕ್ಟರ್. ಈಗ ವಾರ ವಾರ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ. ಬೆರಳ ತುದಿ ಜೋಮು ಹಿಡಿಯುತ್ತಿದೆ. ಇಷ್ಟೆಲ್ಲಾ ಮಾಡಿದವರ ಮುಂದೆ ಮತ್ತೆ ಗೋಳು ಹೇಳಲು ಬಾಯಿ ಬರುತ್ತಿಲ್ಲ. ಅವರ ಋಣ ಹೇಗೆ ತೀರಿಸಲಿ?

ಓದುಗರ ಉತ್ತರಗಳು

ಬನಶಂಕರಿಯಿಂದ ಒಬ್ಬ ಮಗಳು

ನಮ್ಮಮ್ಮನೇ ಬರೆದ ಪತ್ರದ ಹಾಗಿತ್ತು. ಅವರಿಗೂ ಇದೇ ಔಷಧಿ, ಇದೇ ಸಂಕೋಚ. ಡಾಕ್ಟರ್ ಹೇಗಿದ್ದೀರಿ ಅಂದರೆ ಸಾಕು, 'ನಿಮ್ಮ ದಯೆ, ಚೆನ್ನಾಗಿದ್ದೀನಿ' ಅಂತ ಕೈ ಮುಗಿದುಬಿಡುತ್ತಿದ್ದರು. ಮನೆಯಲ್ಲಿ ನೋಡಿದರೆ, ಟೀವಿ ನೋಡುತ್ತಲೇ ಮಾರುಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದವರು, ದಾರ ಬೆರಳಿನಲ್ಲಿದೆಯೋ ಇಲ್ಲವೋ ಅಂತ ಬಗ್ಗಿ ಬಗ್ಗಿ ನೋಡಿಕೊಂಡು ಒಂದು ಮೊಳ ಕಟ್ಟುವಷ್ಟರಲ್ಲಿ ಸುಸ್ತಾಗಿ ಬುಟ್ಟಿ ಪಕ್ಕಕ್ಕಿಡುತ್ತಿದ್ದರು. ಕಾಲಿಂದ ಚಪ್ಪಲಿ ಕಳಚಿದರೂ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ನಾನೇ ಡಾಕ್ಟರ್ ಮುಂದೆ ಹೇಳಿಬಿಟ್ಟೆ. ಅಮ್ಮ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು! ಡಾಕ್ಟರ್ ಒಂದು ರೂಪಾಯಿ ನಾಣ್ಯ ಮೇಜಿನ ಮೇಲಿಟ್ಟು 'ಎತ್ತಿ ಕೊಡಿ ಅಮ್ಮ' ಅಂದರು. ಅಮ್ಮನ ಬೆರಳಿಗೆ ಅದು ಸಿಗಲಿಲ್ಲ. ಮೇಜಿನ ಅಂಚಿನವರೆಗೂ ಜಾರಿಸಿಕೊಂಡು ಹೋಗಿ, ಇನ್ನೊಂದು ಕೈಯನ್ನು ಕೆಳಗೆ ಒಡ್ಡಿ ಬೀಳಿಸಿಕೊಂಡರು. ಆ ವಾರ ಕೀಮೋ ಕೊಡಲಿಲ್ಲ, ಮುಂದಿನ ಸಲ ಡೋಸ್ ಇಳಿಸಿದರು. 'ಮೊದಲೇ ಹೇಳಬಾರದಿತ್ತಾ' ಅಂತ ಅವರ ಮುಖ ಸಪ್ಪಗಾಗಿದ್ದು ನೋಡಿ ಅಮ್ಮನಿಗೆ ಚಿವುಟಿದ್ದಕ್ಕಿಂತ ಜಾಸ್ತಿ ನಾಚಿಕೆಯಾಯಿತು ಅನ್ಸುತ್ತೆ.

ಡೇ ಕೇರ್ ನರ್ಸ್, ಜಯನಗರ

ನಾನು ಕೀಮೋ ವಾರ್ಡಿನಲ್ಲೇ ಕೆಲಸ ಮಾಡೋದು, ಅದಕ್ಕೇ ನೇರವಾಗಿ ಹೇಳ್ತೀನಿ. ಪ್ರತಿ ಸಲ ರಕ್ತ ಪರೀಕ್ಷೆ ಮಾಡಿಸ್ತೀರಲ್ಲ, ಅದರಲ್ಲಿ ಬಿಳಿ ರಕ್ತಕಣ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಲ್ಲಾ ಬರುತ್ತೆ. ಜೋಮು ಬರೋದಿಲ್ಲ. ನೀವು ಬಾಯಿ ಬಿಟ್ಟರೆ ಮಾತ್ರ ಡಾಕ್ಟರಿಗೆ ಗೊತ್ತಾಗೋದು. ಪ್ಯಾಕ್ಲಿಟ್ಯಾಕ್ಸೆಲ್ ನರಗಳಿಗೆ ತೊಂದರೆ ಕೊಡುತ್ತೆ. ಉದ್ದದ ನರಗಳಿಗೆ ಮೊದಲ ಏಟು, ಅದಕ್ಕೇ ಕಾಲ್ಬೆರಳು, ಕೈಬೆರಳಲ್ಲಿ ಶುರುವಾಗೋದು. ಬೇಗ ಹೇಳಿದರೆ ಡೋಸ್ ಇಳಿಸಬಹುದು, ಒಂದು ವಾರ ಬಿಡಬಹುದು, ಔಷಧಿಯನ್ನೇ ಬದಲಿಸಬಹುದು. ತಡವಾದರೆ ಕೆಲವರಿಗೆ ಕೀಮೋ ಮುಗಿದ ಮೇಲೂ ಪೂರ್ತಿ ಹೋಗೋದಿಲ್ಲ. ಉರಿ, ನೋವು ಇದ್ದರೆ ಡುಲೋಕ್ಸೆಟೀನ್ ಅನ್ನೋ ಮಾತ್ರೆ ಇದೆ, ಆದರೆ ಡಾಕ್ಟರ್ ಬರೆದರೆ ಮಾತ್ರ. ಪಕ್ಕದ ಮನೆಯವರು ಹೇಳಿದ ವಿಟಮಿನ್ನು, ಕಷಾಯ ಎಲ್ಲ ಕೇಳದೆ ತಗೋಬೇಡಿ.

ಜೋಮು ಇರೋವರೆಗೆ ಬರಿಗಾಲಲ್ಲಿ ಓಡಾಡಬೇಡಿ. ಸ್ನಾನದ ನೀರಿನ ಬಿಸಿ ಮೊಣಕೈಯಲ್ಲಿ ನೋಡಿ, ಬೆರಳಲ್ಲಿ ಬೇಡ. ಇನ್ನೊಂದು, ಇದು ಜೋಮಿಗೆ ಸಂಬಂಧ ಇಲ್ಲ, ಆದರೂ ಹೇಳದೆ ಇರೋಕಾಗಲ್ಲ: ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಫೋನ್ ಮಾಡಿ. 'ಹೋದ ಸಲವೂ ತೊಂದರೆ ಕೊಟ್ಟಿದ್ದೆ' ಅಂತ ಕ್ರೋಸಿನ್ ನುಂಗಿ ಮಲಗಬೇಡಿ.

ಮಲ್ಲೇಶ್ವರದ ನಿವೃತ್ತ ಮೇಷ್ಟ್ರು

ನನ್ನದು ದೊಡ್ಡ ಕರುಳಿನ ಕ್ಯಾನ್ಸರ್, ಆಕ್ಸಾಲಿಪ್ಲ್ಯಾಟಿನ್ ಕೊಟ್ಟಿದ್ದರು. ಫ್ರಿಜ್‌ನಿಂದ ಮೊಸರಿನ ಪಾತ್ರೆ ತೆಗೆದರೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ತಣ್ಣೀರು ಗಂಟಲಿಗೆ ಇಳಿಯುತ್ತಿರಲಿಲ್ಲ. ಆ ಔಷಧಿಗೆ ಅದು ಮಾಮೂಲಂತೆ, ಕೇಳಿದ ಮೇಲೆ ಗೊತ್ತಾಯಿತು.

ಚಿಕಿತ್ಸೆ ಆಗಿದ್ದು ಕಿದ್ವಾಯಿಯಲ್ಲಿ. 1973ರಲ್ಲಿ ಶುರುವಾದ ಆಸ್ಪತ್ರೆ, ಬೀದರ್, ರಾಯಚೂರು, ಚಾಮರಾಜನಗರ ಅಂತ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಜನಸಂದಣಿಯಲ್ಲಿ ಡಾಕ್ಟರ್ ನಮಗೆ ಸಿಗುವುದೇ ಸ್ವಲ್ಪ ಹೊತ್ತು. ಅದರಲ್ಲಿ ಅರ್ಧ ನಮಸ್ಕಾರ, ದೇವರು, ಪುಣ್ಯ ಅಂತ ಕಳೆದರೆ ಕಾಯಿಲೆ ಹೇಳೋದು ಯಾವಾಗ? ನಾನು ಚೀಟಿ ಬರೆದುಕೊಂಡು ಹೋಗುತ್ತಿದ್ದೆ. ಯಾವ ದಿನ ಶುರುವಾಯಿತು, ಯಾವ ಬೆರಳು, ಯಾವ ಕೆಲಸ ಆಗುತ್ತಿಲ್ಲ, ಅಷ್ಟೇ. 'ಸ್ವಲ್ಪ ಜೋಮು' ಅಂತ ಬರೆಯಬೇಡಿ, 'ಕುಪ್ಪಸದ ಹುಕ್ ಹಾಕೋಕೆ ಆಗ್ತಿಲ್ಲ' ಅಂತ ಬರೆಯಿರಿ. ಡಾಕ್ಟರನ್ನು ದೇವರು ಮಾಡಿ ಕೂರಿಸಿದರೆ ಕಷ್ಟ ಕಣ್ರೀ, ದೇವರಿಗೆ ಹೇಳದಿದ್ದರೂ ಗೊತ್ತಾಗುತ್ತೆ ಅಂದುಕೊಂಡುಬಿಡ್ತೀವಿ.

ಯಲಹಂಕದಿಂದ

ನಿಮ್ಮನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ನಾನು ಹೋಗುತ್ತಿದ್ದ ಕಡೆ ಏನು ಹೇಳಿದರೂ 'ಕೀಮೋ ಅಂದ್ರೆ ಹೀಗೇ' ಅನ್ನೋದೊಂದೇ ಉತ್ತರ. ಆಮೇಲಾಮೇಲೆ ಹೇಳೋದನ್ನೇ ಬಿಟ್ಟೆ. ನಿಮಗೆ ಕಿವಿಗೊಡುವ ಡಾಕ್ಟರ್ ಸಿಕ್ಕಿದ್ದಾರೆ. ಅವರ ಹತ್ತಿರವೂ ಸುಮ್ನೆ ಇದ್ದುಬಿಟ್ಟರೆ ಹೇಗೆ?

ಬಸವನಗುಡಿಯ ಓದುಗಿ

ಎಲ್ಲರೂ ಜೋಮಿನ ಬಗ್ಗೆ ಹೇಳಿದ್ದೀರಿ, ಸರಿ. ಆದರೆ ಪಾಪ, ಅವರು ಕೇಳಿದ್ದು ಋಣದ ವಿಷಯ ಅಲ್ವಾ?

ದುಬಾರಿ ಉಡುಗೊರೆ ಬೇಡ, ಕೊಟ್ಟವರಿಗೂ ತಗೊಂಡವರಿಗೂ ಮುಜುಗರ. ಕಾಗದ ಬರೆಯಿರಿ. ಕನ್ನಡದಲ್ಲೇ, ಕೈಬರಹದಲ್ಲೇ. ಆ ಜ್ವರದ ರಾತ್ರಿ ಅವರು ಫೋನಿನಲ್ಲಿ ಏನಂದರು, ಅದರಿಂದ ನಿಮಗೆ ಹೇಗೆ ಧೈರ್ಯ ಬಂತು, ಅದನ್ನೇ ಬರೆಯಿರಿ. ಬೆರಳು ಹೇಳಿದ ಮಾತು ಕೇಳುತ್ತಿಲ್ಲವಾದರೆ ಅಕ್ಷರ ಸೊಟ್ಟ ಬರುತ್ತೆ, ಬರಲಿ, ಅದನ್ನು ನೋಡಿಯೇ ಅವರಿಗೆ ಅರ್ಧ ವಿಷಯ ತಿಳಿಯುತ್ತೆ. ಉಳಿದರ್ಧ ನೀವು ಹೇಳಿ. ಸಿಹಿ ಹಂಚಲೇಬೇಕು ಅನಿಸಿದರೆ ಒಂದು ಡಬ್ಬ ಮೈಸೂರು ಪಾಕ್ ಡೇ ಕೇರ್‌ಗೆ ಕೊಡಿ. ವಾರ ವಾರ ನಿಮ್ಮ ಕೈಯಲ್ಲಿ ರಕ್ತನಾಳ ಹುಡುಕಿ ಸೂಜಿ ಹಾಕುವವರು ಅಲ್ಲಿದ್ದಾರೆ, ಅವರನ್ನು ಯಾರೂ ನೆನೆಸಿಕೊಳ್ಳೋದೇ ಇಲ್ಲ.