ಮುಪ್ಪಿಗೆ ಫ್ರೀ ರ್ಯಾಡಿಕಲ್ ಒಂದೇ ಕಾರಣವಾ?

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 64 ವರ್ಷ. ದಿನಾ ಬೀಡಿ ಸೇದುತ್ತಾರೆ. ಪರಿಚಯದವರೊಬ್ಬರು ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟಿದ್ದಾರೆ. ಡಬ್ಬಿ ಮೇಲೆ ಬೀಟಾ ಕ್ಯಾರೋಟಿನ್, ವಿಟಮಿನ್ ಸಿ, ಇ ಅಂತ ಇದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಲ್ಲಿ ಹುಟ್ಟುವ, ಬೇರೆ ಅಣುಗಳ ಜೊತೆ ಥಟ್ಟನೆ ಪ್ರತಿಕ್ರಿಯಿಸುವ ಕಣಗಳಾದ ಫ್ರೀ ರ್ಯಾಡಿಕಲ್‌ನಿಂದಲೇ ಮುಪ್ಪು ಬರುವುದು, ಈ ಮಾತ್ರೆ ಅದನ್ನು ತಡೆಯುತ್ತದೆ ಅನ್ನುತ್ತಾರೆ. ನಿಜವಾ?

ಉತ್ತರ: ನಾನು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಮೊದಲು ಆ ಮಾತ್ರೆ ನಿಲ್ಲಿಸಿ, ಆಮೇಲೆ ಉಳಿದದ್ದು ಮಾತಾಡೋಣ. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಈಗ ಮುಪ್ಪಿನ ವಿಷಯ. 1956ರಲ್ಲಿ ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ ಈ ವಾದ ಮುಂದಿಟ್ಟರು. 1972ರಲ್ಲಿ ಅದಕ್ಕೆ ಮೈಟೋಕಾಂಡ್ರಿಯಾವನ್ನು ಸೇರಿಸಿದರು. ಬುಡದ ಸಂಗತಿ ಸರಿಯೇ. ತಿಂದ ಅನ್ನದಿಂದ ಶಕ್ತಿ ತೆಗೆಯುವಾಗ ಎಲೆಕ್ಟ್ರಾನ್‌ಗಳು ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಒಂದು ಪ್ರೋಟೀನ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ. ಕೆಲವು ದಾರಿ ತಪ್ಪಿ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತವೆ. ಆಗ ಹುಟ್ಟುವುದೇ ಸೂಪರ್ ಆಕ್ಸೈಡ್ ಎಂಬ ಫ್ರೀ ರ್ಯಾಡಿಕಲ್. ಅದು ಜಾಸ್ತಿಯಾದರೆ ಪ್ರೋಟೀನ್, ಕೊಬ್ಬು, ಡಿಎನ್ಎ ಎಲ್ಲಕ್ಕೂ ಪೆಟ್ಟು.

ಆದರೆ ಕಥೆ ಅಷ್ಟು ಸರಳ ಅಲ್ಲ. ಸೂಪರ್ ಆಕ್ಸೈಡನ್ನು ನಿಭಾಯಿಸುವ ಎಸ್ಒಡಿ ಎಂಬ ಕಿಣ್ವಕ್ಕೆ ಸಣ್ಣ ಹುಳುವೊಂದರಲ್ಲಿ ಐದು ಜೀನ್ ಇವೆ. ಐದನ್ನೂ ತೆಗೆದರೂ ಲ್ಯಾಬಿನಲ್ಲಿ ಅದರ ಆಯಸ್ಸು ಕಡಿಮೆಯಾಗಲಿಲ್ಲ! ಆಫ್ರಿಕಾದ ಕೂದಲಿಲ್ಲದ ಬಿಲದ ಇಲಿಯ ಮೈಯಲ್ಲಿ ಆಕ್ಸಿಡೇಶನ್ ಹಾನಿ, ಅಂದರೆ ಇಂಥ ಕಣಗಳು ಕೊಡುವ ಪೆಟ್ಟು, ಸಾಕಷ್ಟಿದ್ದರೂ ಅದು 30 ವರ್ಷ ದಾಟಿ ಬದುಕುತ್ತದೆ. ಮೈಟೋಕಾಂಡ್ರಿಯಾಕ್ಕೆ ತನ್ನದೇ ಡಿಎನ್ಎ ಇದೆ, ಬರೀ 37 ಜೀನ್. ಅದನ್ನು ನಕಲು ಮಾಡುವಾಗಲೇ ತಪ್ಪಾಗುವಂತೆ ಮಾರ್ಪಡಿಸಿದ ಇಲಿಗಳು ಬೇಗ ಮುದಿಯಾದವು. ಅವುಗಳಲ್ಲಿ ಫ್ರೀ ರ್ಯಾಡಿಕಲ್ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಇದು: ಸ್ವಲ್ಪ ಪ್ರಮಾಣದ ಫ್ರೀ ರ್ಯಾಡಿಕಲ್ ದೇಹಕ್ಕೆ ಬೇಕು. ವ್ಯಾಯಾಮ ಮಾಡಿದಾಗ ಅವು ಹೆಚ್ಚುತ್ತವೆ. ಆಗ ಜೀವಕೋಶ ಎಚ್ಚೆತ್ತು ತನ್ನ ರಕ್ಷಣೆ ಗಟ್ಟಿ ಮಾಡಿಕೊಳ್ಳುತ್ತದೆ. 2009ರಲ್ಲಿ ಜರ್ಮನಿಯ ಸಂಶೋಧಕರು ವ್ಯಾಯಾಮ ಮಾಡುವ ಯುವಕರಿಗೆ ವಿಟಮಿನ್ ಸಿ, ಇ ಮಾತ್ರೆ ಕೊಟ್ಟು ನೋಡಿದರು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲಿ ಅಂತ ಅಲ್ವಾ ವ್ಯಾಯಾಮ? ಮಾತ್ರೆ ತಗೊಂಡವರಿಗೆ ಆ ಲಾಭವೇ ಸಿಗಲಿಲ್ಲ.

ಇನ್ನೊಬ್ಬ ಸದಸ್ಯರು: ಹಾಗಾದರೆ ಪಪ್ಪಾಯಿ, ಕ್ಯಾರೆಟ್ ಕೂಡ ಬೇಡವಾ ಮೇಡಂ? ಅದರಲ್ಲೂ ಬೀಟಾ ಕ್ಯಾರೋಟಿನ್ ಇರುತ್ತದಲ್ಲ?

ಉತ್ತರ: ಧಾರಾಳವಾಗಿ ತಿನ್ನಲಿ. ಪ್ರಯೋಗದಲ್ಲಿ ಕೊಟ್ಟಿದ್ದು ದಿನಕ್ಕೆ 20 ಮಿಲಿಗ್ರಾಂ, ಅದೂ ಮಾತ್ರೆಯ ರೂಪದಲ್ಲಿ, ವರ್ಷಗಟ್ಟಲೆ. ಅದೇ ಫಿನ್ಲೆಂಡ್ ಅಧ್ಯಯನದಲ್ಲಿ ಮಾತ್ರೆ ಇಲ್ಲದೆ ಊಟದಿಂದಲೇ ಹೆಚ್ಚು ಬೀಟಾ ಕ್ಯಾರೋಟಿನ್ ಪಡೆಯುತ್ತಿದ್ದವರಲ್ಲಿ ಕ್ಯಾನ್ಸರ್ ಕಡಿಮೆ ಇತ್ತು.

ಪ್ರಶ್ನೆ ಕೇಳಿದವರು: ಮಾತ್ರೆ ನಿಲ್ಲಿಸುತ್ತೇವೆ ಮೇಡಂ. ಬೀಡಿಯದ್ದೇ ಕಷ್ಟ.

ಉತ್ತರ: ತಂದೆಯವರನ್ನು ಬೈಯಬೇಡಿ, ಜೊತೆಗೆ ಕೂತು ಮಾತಾಡಿ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಕನ್ನಡದಲ್ಲೂ ಮಾತಾಡುತ್ತಾರೆ. ಫೋನ್ ಅವರ ಕೈಯಿಂದಲೇ ಮಾಡಿಸಿ.