ದೀಪಾವಳಿ ವಿಶೇಷಾಂಕ, 64 ಪುಟ, 1000 ಪ್ರತಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮಸ್ಕಾರ. ನಮ್ಮ ತಾಲ್ಲೂಕಿನ ಸಾಹಿತ್ಯ ಬಳಗದಿಂದ ಈ ಸಲ ದೀಪಾವಳಿಗೆ ವಿಶೇಷಾಂಕ ತರಬೇಕೆಂದಿದ್ದೇವೆ. ಕಥೆ, ಕವಿತೆ, ಪ್ರಬಂಧ, ಊರಿನ ಹಳೆಯ ಫೋಟೊಗಳು. ಬರೆಯುವವರಿದ್ದಾರೆ, ಜಾಹೀರಾತು ಕೊಡುವ ಅಂಗಡಿಯವರೂ ಇದ್ದಾರೆ. ಪತ್ರಿಕೆ ಮಾಡಿ ಗೊತ್ತಿರುವವರು ಮಾತ್ರ ಯಾರೂ ಇಲ್ಲ. ಚೆನ್ನಾಗಿ ಬಂದರೆ ಮುಂದೆ ತ್ರೈಮಾಸಿಕ ಮಾಡುವ ಆಸೆಯೂ ಇದೆ. ಮೊದಲು ಏನು, ಆಮೇಲೆ ಏನು, ಎಲ್ಲಿ ಎಡವುತ್ತಾರೆ, ಬಲ್ಲವರು ದಯವಿಟ್ಟು ತಿಳಿಸಿ.

ಮುದ್ರಣದ ಕಡೆಯಿಂದ

ಲೇಖನ ಕೇಳುವುದಕ್ಕೂ ಮೊದಲು ಅಳತೆ ಗಟ್ಟಿ ಮಾಡಿಕೊಳ್ಳಿ. ಬಹಳ ಕಡೆ ಲೇಖನವೆಲ್ಲ ಬಂದ ಮೇಲೆ 'ಎಷ್ಟು ಪುಟ ಆಗುತ್ತದೋ ಆಗಲಿ' ಅಂತ ಬಿಡುತ್ತಾರೆ. ಕೊನೆಗೆ 67 ಪುಟ ಆಗಿ, ಮೂರು ಪುಟಕ್ಕಾಗಿ ಇನ್ನೊಂದು ಹಾಳೆ ಅಚ್ಚು ಹಾಕಬೇಕಾಗುತ್ತದೆ.

ನಿಮಗೆ ಹೊಂದುವುದು ಕ್ರೌನ್ 1/4. ಕಟಿಂಗ್ ಆದ ಮೇಲೆ ಸುಮಾರು 7.25×9.5 ಇಂಚು. 20×30 ಇಂಚಿನ ಒಂದು ಹಾಳೆಯ ಎರಡೂ ಬದಿ ಸೇರಿ 16 ಪುಟ ಕೂರುತ್ತವೆ, ಅದೇ ಒಂದು ಫಾರ್ಮು. ಇನ್ನೂ ದೊಡ್ಡದು ಬೇಕೆಂದರೆ ಡೆಮ್ಮಿ 1/4, 8.5×11 ಇಂಚು, 23×36ರ ಹಾಳೆ. ಎ4 ಅಳತೆಯನ್ನೇ ಹಿಡಿಯಬೇಡಿ: ಅದರ ಉದ್ದ 11.7 ಇಂಚು, 23×36ನ್ನು ಮಡಚಿದರೆ ಸಿಗುವುದು 11.5 ಮಾತ್ರ.

64 ಪುಟ ಅಂದರೆ 4 ಫಾರ್ಮು, ಒಂದು ಪ್ರತಿಗೆ 4 ಹಾಳೆ. 1000 ಪ್ರತಿಗೆ 4000 ಹಾಳೆ, ಅಂದರೆ 8 ರೀಮು (ಒಂದು ರೀಮಿಗೆ 500 ಹಾಳೆ). ಬಣ್ಣ ಹೊಂದಿಸುವಾಗ, ಮಡಚುವಾಗ ಹಾಳಾಗುವುದಕ್ಕೆ ಫಾರ್ಮಿಗೆ ನೂರು ನೂರೈವತ್ತು ಹಾಳೆಯಾದರೂ ಬೇಕು, 9 ರೀಮು ಎಂದಿಟ್ಟುಕೊಳ್ಳಿ. ರೀಮಿನ ತೂಕ ತಿಳಿಯಲು ಉದ್ದ × ಅಗಲ (ಇಂಚಿನಲ್ಲಿ) × ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ), ಭಾಗಿಸು 3100. 70 ಜಿಎಸ್‌ಎಂ ಕಾಗದಕ್ಕೆ 20×30×70÷3100, ಅಂದರೆ 13.5 ಕೆ.ಜಿ. ಕಾಗದ ಬಂದಾಗ ಒಂದು ರೀಮು ತೂಗಿ ನೋಡಿ. 12 ಕೆ.ಜಿ. ಆಸುಪಾಸು ಬಂದರೆ ಅದು 60 ಜಿಎಸ್‌ಎಂ ಕಾಗದ, ಹಿಂದಿನ ಪುಟದ ಅಕ್ಷರ ಈ ಕಡೆ ಕಾಣುತ್ತದೆ. ಕಥೆ ಓದುವವರ ಕಣ್ಣಿಗೆ ನ್ಯಾಚುರಲ್ ಶೇಡ್ (ತುಸು ಹಳದಿ ಛಾಯೆಯ) ಮ್ಯಾಪ್‌ಲಿಥೋ ಕಾಗದ ಹಿತ. ಆದರೆ ಅದರ ಮೇಲೆ ಹಳೆಯ ಫೋಟೊ ಇನ್ನಷ್ಟು ಮಂಕಾಗುತ್ತದೆ.

ಪುಟವಿನ್ಯಾಸದ ಕಡೆಯಿಂದ

ಮೇಲಿನ ಲೆಕ್ಕವನ್ನು ಕೈಯಲ್ಲಿ ಹಿಡಿಯುವ ಹಾಗೆ ಮಾಡಿಕೊಳ್ಳಿ. 16 ಖಾಲಿ ಎ4 ಹಾಳೆಗಳನ್ನು ಒಂದರೊಳಗೊಂದು ಇಟ್ಟು ನಡುವೆ ಮಡಚಿ, 1ರಿಂದ 64ರವರೆಗೆ ಸಂಖ್ಯೆ ಬರೆಯಿರಿ. ಇದೇ ಡಮ್ಮಿ. ಯಾವ ಪುಟದಲ್ಲಿ ಏನು ಎಂದು ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ. ಪುಟ ಬದಲಾದರೆ ಮೊದಲು ಡಮ್ಮಿಯಲ್ಲಿ ಅಳಿಸಬೇಕು, ಆಮೇಲೆ ಕಂಪ್ಯೂಟರಿನಲ್ಲಿ. ಡಮ್ಮಿ ಒಬ್ಬರ ಬಳಿಯೇ ಇರಲಿ.

ಸೆಂಟರ್ ಪಿನ್ (ನಡುವಿನ ಮಡಿಕೆಯ ಮೇಲೆ ಪಿನ್) ಹೊಡೆಯುವ ಪತ್ರಿಕೆಯಲ್ಲಿ ಫಾರ್ಮುಗಳು ಒಂದರೊಳಗೊಂದು ಕೂರುತ್ತವೆ. ಹೊರಗಿನ ಫಾರ್ಮಿನಲ್ಲಿ 1–8 ಮತ್ತು 57–64, ಎರಡನೆಯದರಲ್ಲಿ 9–16 ಮತ್ತು 49–56, ಮೂರನೆಯದರಲ್ಲಿ 17–24 ಮತ್ತು 41–48, ನಡುವಿನದರಲ್ಲಿ 25–40. ಇದು ತಿಳಿಯದೆ 'ಫೋಟೊ ಇರುವ ಪುಟಗಳಿಗೆ ಮಾತ್ರ ಬಣ್ಣ' ಎಂದು ಪ್ರೆಸ್ಸಿಗೆ ಹೇಳುವವರು ಬಹಳ. ಫೋಟೊಗಳು 5, 19, 37, 50ರಲ್ಲಿ ಹರಡಿದ್ದರೆ ನಾಲ್ಕೂ ಫಾರ್ಮಿಗೆ ಬಣ್ಣ ಹಾಕಬೇಕಾಗುತ್ತದೆ. ಪ್ಲೇಟು ಅಂದರೆ ಅಚ್ಚಿನ ತಗಡು, ಹಾಳೆಯ ಒಂದೊಂದು ಬದಿಗೆ ಬಣ್ಣಕ್ಕೊಂದು ಬೇಕು. ಅದರ ಲೆಕ್ಕ ನೋಡಿ: ಕಪ್ಪು ಮಾತ್ರ ಆದರೆ ಫಾರ್ಮಿಗೆ 2 ಪ್ಲೇಟು, ನಾಲ್ಕು ಬಣ್ಣಕ್ಕೆ 8. ಎಲ್ಲಕ್ಕೂ ಬಣ್ಣ ಎಂದರೆ ಒಳಪುಟಗಳಿಗೇ 32. ಊರಿನ ಫೋಟೊಗಳನ್ನೆಲ್ಲ 25ರಿಂದ 40ರೊಳಗೆ ತಂದರೆ 14ರಲ್ಲಿ ಮುಗಿಯುತ್ತದೆ.

ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರಕ್ಕೆ 32–33 ಒಂದೇ ನಂಬಿಕೆಯ ಜಾಗ, ಅದೊಂದೇ ಅಖಂಡ ಹಾಳೆ. 8–9ರಲ್ಲಿ ಹಾಕಿದರೆ ಎರಡು ಬೇರೆ ಹಾಳೆಗಳು ಸೇರಬೇಕು. ಮಡಿಕೆ ಒಂದು ಮಿಲಿಮೀಟರ್ ಸರಿದರೂ ಚಿತ್ರದಲ್ಲಿರುವವರ ಮುಖ ಎರಡಾಗುತ್ತದೆ.

ಒಂದು ಎಚ್ಚರ: ಇದೆಲ್ಲ 20×30 ಯಂತ್ರವಿದ್ದರೆ. ನಿಮ್ಮ ಊರಿನ ಪ್ರೆಸ್ಸಿನಲ್ಲಿ 15×20 ಇದ್ದರೆ ಫಾರ್ಮಿಗೆ 8 ಪುಟ, ಹಂಚಿಕೆ ಬೇರೆ. ಡಮ್ಮಿಯನ್ನು ಪ್ರೆಸ್ಸಿನವರ ಮುಂದೆ ಇಟ್ಟೇ ಗುರುತು ಹಾಕಿಸಿಕೊಳ್ಳಿ.

ಸಂಪಾದನೆಯ ಕಡೆಯಿಂದ

ಹಬ್ಬದಿಂದ ಹಿಂದಕ್ಕೆ ಎಣಿಸಿ. ಹದಿನಾಲ್ಕು ವಾರ ಮುಂಚೆ ಅಳತೆ, ಪುಟ, ವಿಷಯಗಳ ತೀರ್ಮಾನ. ಹದಿಮೂರನೇ ವಾರ ಲೇಖಕರಿಗೆ ಪತ್ರ. ಕೊನೆಯ ದಿನಾಂಕ ಎಂಟು ವಾರ ಮುಂಚೆ ಇರಲಿ, ಆಗ ಆರನೇ ವಾರಕ್ಕೆ ಕೈಗೆ ಬರುತ್ತದೆ. ಕೊನೆಯ ಎರಡು ವಾರ ಪೂರ್ತಿ ಪ್ರೆಸ್ಸಿಗೇ ಬಿಡಬೇಕು. ಕ್ಯಾಲೆಂಡರು, ಡೈರಿ, ಹಬ್ಬದ ಜಾಹೀರಾತು ಎಲ್ಲ ಒಟ್ಟಿಗೆ ಬೀಳುವ ಕಾಲ ಅದು. ಯಂತ್ರದ ದಿನವನ್ನು ಮೂರು ತಿಂಗಳ ಮುಂಚೆಯೇ ಕೇಳಿ ಬರೆಸಿಟ್ಟುಕೊಳ್ಳಿ.

ಲೇಖಕರಿಗೆ 'ಒಂದು ಕಥೆ ಕೊಡಿ' ಎನ್ನಬೇಡಿ. 'ಕಥೆ, 2000 ಪದದೊಳಗೆ' ಎನ್ನಿ. ಕ್ರೌನ್ 1/4ರಲ್ಲಿ 11 ಪಾಯಿಂಟ್ ಅಕ್ಷರ, ಎರಡು ಕಾಲಂ ಇದ್ದರೆ ಚಿತ್ರವಿಲ್ಲದ ಪುಟಕ್ಕೆ 350 ಪದ ಹಿಡಿಯುತ್ತದೆ. 2000 ಪದದ ಕಥೆಗೆ ಶೀರ್ಷಿಕೆ, ಚಿತ್ರ ಸೇರಿ 7 ಪುಟ. 64ರಲ್ಲಿ ಜಾಹೀರಾತಿಗೆ 10, ಪರಿವಿಡಿ ಮತ್ತು ಸಂಪಾದಕೀಯಕ್ಕೆ 3, ಫೋಟೊಗಳಿಗೆ 12 ಹೋದರೆ ಉಳಿಯುವುದು 39. ಅಂದರೆ ಮೂರು ಕಥೆ, ಎರಡು ಪ್ರಬಂಧ, ಏಳೆಂಟು ಕವಿತೆ. ಈ ಲೆಕ್ಕ ಮೊದಲೇ ಇದ್ದರೆ ಹದಿನೈದು ಜನರಿಂದ ಕಥೆ ಕೇಳಿ, ಹನ್ನೆರಡು ಜನರಿಗೆ ಇಲ್ಲ ಅನ್ನುವ ನೋವು ತಪ್ಪುತ್ತದೆ. ಸಣ್ಣ ಊರಿನಲ್ಲಿ ಆ ನೋವು ಬೇಗ ಆರುವುದಿಲ್ಲ.

ಪುಟ ತುಂಬಲು ಮಂಕುತಿಮ್ಮನ ಕಗ್ಗದ ಪದ್ಯವೋ ಬೇಂದ್ರೆಯವರ ಕವಿತೆಯೋ ಇಡುವ ರೂಢಿ ಇದೆ. ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ, ಬೇಂದ್ರೆ 1981ರಲ್ಲಿ, ಹಾಗಾಗಿ ಇಡೀ ಪದ್ಯಕ್ಕೆ ಅನುಮತಿ ಬೇಕು. ಬಿ.ಎಂ.ಶ್ರೀ. (1946), ಪಂಜೆ ಮಂಗೇಶರಾಯರ (1937) ಬರಹಕ್ಕೆ ಈ ತೊಡಕಿಲ್ಲ. ಹಳೆಯ ಫೋಟೊ ಕೊಟ್ಟ ಮನೆಯವರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಂಡು, ಚಿತ್ರದ ಕೆಳಗೆ ಅವರ ಹೆಸರು ಹಾಕಿ.

ಡಿಟಿಪಿ ಕಡೆಯಿಂದ

ಕನ್ನಡ ಪತ್ರಿಕೆಯ ನಿಜವಾದ ಕಷ್ಟ ಇರುವುದು ಅಕ್ಷರಗಳಲ್ಲಿ. ನಿಮಗೆ 'ನುಡಿ', 'ಬರಹ', 'ಶ್ರೀಲಿಪಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ, ವಾಟ್ಸ್‌ಆ್ಯಪಿನಲ್ಲಿ, ಕೈಬರಹದಲ್ಲಿ ಎಲ್ಲದರಲ್ಲೂ ಲೇಖನ ಬರುತ್ತದೆ. ಮೊದಲು ಎಲ್ಲವನ್ನೂ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತಕ್ಕೆ) ತನ್ನಿ, ಆಮೇಲಷ್ಟೇ ತಿದ್ದಲು ಕೂರಿ. ತಿದ್ದಿದ ಮೇಲೆ ಪರಿವರ್ತಿಸಿದರೆ ಇನ್ನೊಮ್ಮೆ ತಿದ್ದಬೇಕು.

ಪರಿವರ್ತನೆಯಲ್ಲಿ ಕೆಡುವುದು ಬಹುಮಟ್ಟಿಗೆ ಇವೇ. 'ರ‍್ಯಾಂಕ್' ಇದ್ದದ್ದು 'ರ್ಯಾಂಕ್' ಆಗುತ್ತದೆ. 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಬರುತ್ತದೆ. ಟೈಪ್ ಮಾಡುವವರು ಅನುಸ್ವಾರದ ಬದಲು ಸೊನ್ನೆ ಒತ್ತಿ 'ಸ೦ಚಿಕೆ' ಎಂದೂ, ಅರ್ಕಾವತ್ತಿನ ಬದಲು ಒಂಬತ್ತು ಒತ್ತಿ 'ಕನಾ೯ಟಕ' ಎಂದೂ ಬರೆದಿರುತ್ತಾರೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಫಾಂಟ್ ಬದಲಿಸಿದ ಕೂಡಲೇ ಎದ್ದು ಕಾಣುತ್ತದೆ. ಕಡತ ತೆರೆದ ತಕ್ಷಣ ೦ ಮತ್ತು ೯ ಹುಡುಕಿ ಸರಿಪಡಿಸಿ. ಅದಕ್ಕಾಗಿಯೇ ಇಸವಿಗಳನ್ನು 2026 ಎಂದು ಬರೆಯುವುದೋ ೨೦೨೬ ಎಂದೋ ಮೊದಲೇ ತೀರ್ಮಾನಿಸಿರಬೇಕು.

ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ಒತ್ತಕ್ಷರ ಒಡೆದು ಕಂಡರೆ ಪ್ಯಾರಾ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿ. 11 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 15ಕ್ಕಿಂತ ಕಡಿಮೆ ಬೇಡ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೂರು ಕಾಲಂ ಮಾಡಲೇಬೇಡಿ. ಕನ್ನಡದ ಪದಗಳು ಉದ್ದ, ಸಾಲಿಗೆ ಎರಡು ಪದ ಕೂತು ನಡುವೆ ಬಯಲು ಬೀಳುತ್ತದೆ. ಕವಿತೆಗೆ ಇಡೀ ಪುಟದ ಅಗಲ ಕೊಡಿ. ಕವಿ ಮುರಿಯದ ಕಡೆ ಸಾಲು ಮುರಿದರೆ ಅದು ಅವರ ಕವಿತೆಯಾಗಿ ಉಳಿಯುವುದಿಲ್ಲ.

ಅಕ್ಷರವೆಲ್ಲ ಶುದ್ಧ ಕಪ್ಪು ಒಂದೇ ಬಣ್ಣದಲ್ಲಿರಲಿ. ನಾಲ್ಕೂ ಬಣ್ಣ ಬೆರೆತ ಕಪ್ಪಾಗಿದ್ದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಕ್ಷರದ ಸುತ್ತ ಕೆಂಪು, ನೀಲಿ ನೆರಳು ಬರುತ್ತದೆ.

ಫೋಟೊಗಳನ್ನು ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿಯುತ್ತದೆ. 300 ಡಿಪಿಐಗೆ (ಇಂಚಿಗೆ 300 ಚುಕ್ಕಿಯಂತೆ) ಅದು 5.3 ಇಂಚು: ಅರ್ಧ ಪುಟಕ್ಕೆ ಸಾಕು, ಮುಖಪುಟಕ್ಕೆ ಸಾಲದು. 'ಡಾಕ್ಯುಮೆಂಟ್ ಆಗಿ ಕಳಿಸಿ' ಅನ್ನಿ. ಹಳೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆಯದೆ ಸ್ಕ್ಯಾನ್ ಮಾಡಿಸಿ, 600 ಡಿಪಿಐ.

ಪ್ರೆಸ್ಸಿಗೆ ಕೊಡುವುದು ಪಿಡಿಎಫ್ ಮಾತ್ರ: ಬಿಡಿ ಬಿಡಿ ಪುಟ, ಫಾಂಟ್ ಒಳಗೇ ಸೇರಿರಬೇಕು, ಅಂಚಿಗೆ ತಾಗುವ ಚಿತ್ರಕ್ಕೆ 3 ಮಿ.ಮೀ. ಬ್ಲೀಡ್ (ಕಟಿಂಗ್ ಗೆರೆಯಿಂದಾಚೆಗೂ ಚಾಚಿದ ಚಿತ್ರದ ಭಾಗ). ಪುಟಸಂಖ್ಯೆ ಹೊರ ಅಂಚಿನಿಂದ 12 ಮಿ.ಮೀ. ಒಳಗಿರಲಿ. ಹಾಳೆಗಳು ಒಂದರೊಳಗೊಂದು ಕೂತಾಗ ನಡುವಿನ ಪುಟಗಳು ಹೊರಕ್ಕೆ ಚಾಚುತ್ತವೆ, ಕಟಿಂಗಿನಲ್ಲಿ ಅವುಗಳ ಅಂಚು ಹೆಚ್ಚು ಹೋಗುತ್ತದೆ.

ಕರಡು ತಿದ್ದುವವರ ಕಡೆಯಿಂದ

ಮೂರು ಸುತ್ತು, ಮೂರಕ್ಕೂ ಬೇರೆ ಬೇರೆ ಕೆಲಸ. ಮೊದಲನೆಯದರಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಚ್ಚಿನ ಮೇಲೆ ಬೆರಳಿಟ್ಟು ನೋಡಬೇಕು. ಬಿಟ್ಟುಹೋದ ಸಾಲು ಸಿಗುವುದು ಹೀಗೆ ಮಾತ್ರ. ಎರಡನೆಯದರಲ್ಲಿ ತಿದ್ದಿದ್ದು ಸರಿಹೋಯಿತೇ, ಅಲ್ಲಿಯೇ ಹೊಸ ತಪ್ಪು ಬಂತೇ ಅಷ್ಟೇ. ಮೂರನೆಯದರಲ್ಲಿ ಒಳಗಿನ ಬರಹ ಓದಲೇಬೇಡಿ. ಶೀರ್ಷಿಕೆ, ಲೇಖಕರ ಹೆಸರು, ಚಿತ್ರದ ಅಡಿಬರಹ, ಪರಿವಿಡಿಯ ಪುಟಸಂಖ್ಯೆ, 'ಮುಂದುವರಿದಿದೆ' ಎಂದಿರುವ ಪುಟ, ಜಾಹೀರಾತಿನ ಫೋನ್ ನಂಬರು. ನಂಬರಿಗೆ ಕರೆ ಮಾಡಿಯೇ ನೋಡಿ. ದೊಡ್ಡ ಅಕ್ಷರದ ತಪ್ಪನ್ನೇ ಕಣ್ಣು ಹಾರಿಸಿಬಿಡುತ್ತದೆ, ಮುಖಪುಟವನ್ನು ಆವರೆಗೆ ನೋಡಿರದ ಒಬ್ಬರಿಗೆ ತೋರಿಸಿ.

ಆಡುಮಾತಿನ ಕಥೆಯಲ್ಲಿ 'ಹೋಗ್ತೀನಿ', 'ಹೊಕ್ಕೇನಿ', 'ಹೋತೆ' ಇದ್ದರೆ ಗ್ರಾಂಥಿಕಕ್ಕೆ ತಿದ್ದಬೇಡಿ. ಒಂದೇ ಕಥೆಯೊಳಗೆ ಹಾಗೆಯೇ ನಡೆದಿದೆಯೇ ಎಂದು ಮಾತ್ರ ನೋಡಿ.

ಜಾಹೀರಾತು, ಬೈಂಡಿಂಗ್

ಜಾಹೀರಾತು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅದಕ್ಕೇ ಡಮ್ಮಿಯಲ್ಲಿ ಅವುಗಳನ್ನು ಹೊರಗಿನ ಫಾರ್ಮಿನಲ್ಲಿ (1–8, 57–64) ಹೆಚ್ಚಾಗಿ ಇಟ್ಟರೆ, ಒಳಗಿನ ಮೂರು ಫಾರ್ಮು ಮೊದಲೇ ಅಚ್ಚಿಗೆ ಹೋಗಬಹುದು. ಪೂರ್ಣ ಪುಟ 6×8 ಇಂಚು, ಅರ್ಧ 6×3.9 ಎಂದು ಅಳತೆ ಬರೆದೇ ಕೇಳಿ. ವಿಸಿಟಿಂಗ್ ಕಾರ್ಡು ಕೊಟ್ಟು 'ಇದನ್ನೇ ಹಾಕಿ' ಅನ್ನುವವರಿಗೆ ವಿನ್ಯಾಸ ಮಾಡಿ, ಸಹಿ ಹಾಕಿಸಿ. ಹಣ ಜಾಹೀರಾತಿನ ಜೊತೆಗೇ ಬರಲಿ. ಹಬ್ಬ ಕಳೆದ ಮೇಲೆ ವಸೂಲಿ ಬಲು ಕಷ್ಟ.

64 ಪುಟಕ್ಕೆ ಸೆಂಟರ್ ಪಿನ್ ಸರಿ. ಬೆನ್ನು 3 ಮಿ.ಮೀ. ಕೂಡ ಬರುವುದಿಲ್ಲ, ಅಂಟಿನ ಬೈಂಡಿಂಗ್ ನಿಲ್ಲದು. ಮುಖಪುಟಕ್ಕೆ 250 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್. ಕಾರ್ಡಿನ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕು, ಅಡ್ಡವಾದರೆ ಮಡಿಕೆಯಲ್ಲಿ ಬಣ್ಣ ಒಡೆಯುತ್ತದೆ. ಶಾಯಿ ಒಣಗಲು ಒಂದು ದಿನವಾದರೂ ಬಿಡಿ. ಅವಸರಕ್ಕೆ ಹಸಿಯಲ್ಲೇ ಲ್ಯಾಮಿನೇಷನ್ ಮಾಡಿಸಿದರೆ ಗುಳ್ಳೆ ಏಳುತ್ತದೆ.

ದರಪಟ್ಟಿಯನ್ನು ಮೂರು ಕಡೆ ಕೇಳಿ, ಆದರೆ ಮೂವರಿಗೂ ಒಂದೇ ಕಾಗದ ಕೊಡಿ: ಅಳತೆ, ಪುಟ, ಕಾಗದ, ಎಷ್ಟು ಫಾರ್ಮಿಗೆ ಬಣ್ಣ, ಲ್ಯಾಮಿನೇಷನ್, ಪಿನ್, ಸಾಗಣೆ, ಜಿಎಸ್‌ಟಿ, ಪ್ಲೇಟು ಬದಲಿಸಿದರೆ ಎಷ್ಟು. ಇದಿಲ್ಲದೆ ಕಡಿಮೆ ದರ ಹೇಳಿದವರು ಏನನ್ನು ಬಿಟ್ಟಿದ್ದಾರೆಂದು ತಿಳಿಯುವುದಿಲ್ಲ.

ತ್ರೈಮಾಸಿಕದ ಬಗ್ಗೆ

ಒಂದು ಸಲದ ಸಂಚಿಕೆಗೆ ಶೀರ್ಷಿಕೆಯ ನೋಂದಣಿ ಬೇಕಿಲ್ಲ. ಮುದ್ರಕರು, ಪ್ರಕಾಶಕರು, ಊರು, ಇಸವಿ ಅಚ್ಚಾಗಿರಲಿ. ನಿಯತವಾಗಿ ತರುವುದಾದರೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಕಾಯ್ದೆ ನೋಡಬೇಕು. ಅರ್ಜಿ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ. ಇಟ್ಟುಕೊಳ್ಳಬೇಕೆಂದಿರುವ ಹೆಸರು ಬೇರೆಯವರದ್ದಲ್ಲವೇ ಎಂದು ಈಗಲೇ ಹುಡುಕಿ. ವಿಶೇಷಾಂಕಕ್ಕೆ ಬಂದ ಹೆಸರು ಆಮೇಲೆ ಸಿಗದಿದ್ದರೆ ಓದುಗರು ಗುರುತು ಹಿಡಿಯಲಾರರು.

ಮತ್ತೊಂದು ಪ್ರಶ್ನೆ: ಎಲ್ಲರಿಗೂ ವಂದನೆ. ಡಮ್ಮಿ ಇವತ್ತೇ ಮಾಡಿದೆವು. ಹೊರಊರಿನ 200 ಜನರಿಗೆ ಅಂಚೆಯಲ್ಲಿ ಕಳಿಸಬೇಕು, ಒಂದು ಪ್ರತಿ ಎಷ್ಟು ತೂಗಬಹುದು?

ಮುದ್ರಣದ ಕಡೆಯಿಂದ

ಒಂದು ಎಲೆಯ (ಎರಡು ಪುಟದ) ವಿಸ್ತೀರ್ಣ 0.0444 ಚದರ ಮೀಟರ್. ಒಳಗೆ 32 ಎಲೆ, 70 ಜಿಎಸ್‌ಎಂ: ಸುಮಾರು 100 ಗ್ರಾಂ. ಮುಖಪುಟ 2 ಎಲೆ, 250 ಜಿಎಸ್‌ಎಂ: 22 ಗ್ರಾಂ. ಲ್ಯಾಮಿನೇಷನ್, ಲಕೋಟೆ, ವಿಳಾಸದ ಚೀಟಿ ಸೇರಿ 140 ಗ್ರಾಂ ದಾಟಬಹುದು. ಅದೇ 70 ಜಿಎಸ್‌ಎಂ ಕಾಗದದ 64 ಪುಟದ್ದೊಂದು ಡಮ್ಮಿಯನ್ನು ಸರಿಯಾದ ಅಳತೆಗೆ ಕತ್ತರಿಸಿ, ಕಾರ್ಡು ಹೊದಿಸಿ, ಲಕೋಟೆಗೆ ಹಾಕಿ ಅಂಚೆ ಕಚೇರಿಯಲ್ಲೇ ತೂಗಿಸಿ. ದರ ತೂಕದ ಹಂತದ ಮೇಲೆ ಹೋಗುವುದರಿಂದ, ಎರಡು ಗ್ರಾಂ ಹೆಚ್ಚಾಗಿ ಮುಂದಿನ ಹಂತಕ್ಕೆ ಜಾರುವ ಹಾಗಿದ್ದರೆ ಲಕೋಟೆಯನ್ನು ತೆಳು ಮಾಡಿ, ಕಾಗದವನ್ನಲ್ಲ.