ಹದಿಹರೆಯದ ಹೆಣ್ಣುಮಕ್ಕಳು ಆಟ ಬಿಡುವುದೇಕೆ: ಸಮುದಾಯದ ಸ್ವಭಾವವೋ, ಅವಕಾಶದ ಕೊರತೆಯೋ?

ಪ್ರಶ್ನೆ – ಪ್ರೌಢಶಾಲಾ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು, ಕೊಡಗು

ನಮ್ಮ ಶಾಲೆಯಲ್ಲಿ ಕೊಡವ, ಅರೆಭಾಷೆ ಗೌಡ, ಮಾಪಿಳ್ಳೆ (ಮುಸ್ಲಿಂ) ಮತ್ತು ಯರವ (ಬುಡಕಟ್ಟು) ಕುಟುಂಬಗಳ ಹೆಣ್ಣುಮಕ್ಕಳು ಒಟ್ಟಿಗೆ ಓದುತ್ತಾರೆ. ಎಂಟನೆಯ ತರಗತಿಗೆ ಸೇರಿದಾಗ ಮೈದಾನ ಬಿಟ್ಟು ಬಾರದ ಹುಡುಗಿಯರಲ್ಲಿ ಅನೇಕರು ಹತ್ತನೆಯ ತರಗತಿಯ ಹೊತ್ತಿಗೆ ಆಟದ ಪೀರಿಯಡ್‌ನಲ್ಲಿ ಜಗಲಿಯ ಮೇಲೆ ಕುಳಿತುಬಿಡುತ್ತಾರೆ. ಇದು ಆಯಾ ಸಮುದಾಯದ ಸ್ವಭಾವವೆಂಬ ಮಾತನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 – ಆರೋಗ್ಯ ಕಾರ್ಯಕರ್ತ, ಮಡಿಕೇರಿ

ಮೇಡಂ, ನಿಮ್ಮ ಅನುಮಾನ ಸರಿಯಾಗಿದೆ. ಅಮೆರಿಕದಲ್ಲಿ ಕಪ್ಪು ಮತ್ತು ಬಿಳಿ ಜನಾಂಗದ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರನ್ನು ಒಂಬತ್ತು–ಹತ್ತರ ವಯಸ್ಸಿನಿಂದ ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. 16–17ನೇ ವಯಸ್ಸಿನಲ್ಲಿ, ಬಿಡುವಿನ ವೇಳೆಯಲ್ಲಿ ರೂಢಿಯಾಗಿ ಯಾವ ದೈಹಿಕ ಚಟುವಟಿಕೆಯೂ ಇಲ್ಲವೆಂದವರು ಕಪ್ಪು ಹುಡುಗಿಯರಲ್ಲಿ ಶೇ. 56, ಬಿಳಿ ಹುಡುಗಿಯರಲ್ಲಿ ಶೇ. 31. ಅಂತರ ದೊಡ್ಡದೇ ಆದರೂ ಇಳಿಮುಖವಾದದ್ದು ಎರಡೂ ಗುಂಪುಗಳಲ್ಲಿ. ಅದರೊಂದಿಗೆ ತಂದೆತಾಯಿಯರ ಕಡಿಮೆ ವಿದ್ಯಾಭ್ಯಾಸದಂತಹ ಸಂಗತಿಗಳೂ ತಳುಕು ಹಾಕಿಕೊಂಡಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆನ್ನುತ್ತದೆ. 2016ರ ಜಾಗತಿಕ ಅಂದಾಜಿನಂತೆ ಹುಡುಗಿಯರಲ್ಲಿ ಸುಮಾರು ಶೇ. 85 ಮಂದಿ ಅಷ್ಟನ್ನು ತಲುಪುತ್ತಿರಲಿಲ್ಲ.

ಉತ್ತರ 2 – ತೋಟ ಕಾರ್ಮಿಕರ ಮಕ್ಕಳೊಂದಿಗೆ ಕೆಲಸ ಮಾಡುವವಳು, ಸಿದ್ದಾಪುರ

ಮೇಲಿನ ಅಧ್ಯಯನ ಕೇಳಿದ್ದು ಬಿಡುವಿನ ವೇಳೆಯ ಬಗ್ಗೆ ಎಂಬುದನ್ನು ಮರೆಯಬಾರದು. ಲೈನ್ ಮನೆಯ (ತೋಟ ಕಾರ್ಮಿಕರ ಸಾಲುಮನೆಯ) ಯರವ ಹುಡುಗಿ ಶಾಲೆಯಿಂದ ತೋಟದ ದಾರಿಯಲ್ಲಿ ನಡೆದು ಬಂದು, ನೀರು ಹೊತ್ತು, ಸೌದೆ ತಂದು, ತಮ್ಮನನ್ನು ಎತ್ತಿಕೊಂಡು ತಿರುಗುತ್ತಾಳೆ. ‘ನೀನು ಆಟ ಆಡುತ್ತೀಯಾ?’ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ಅವಳನ್ನು ಚಟುವಟಿಕೆಯಿಲ್ಲದವಳೆಂದು ಬರೆದುಕೊಳ್ಳುವುದು ಅನ್ಯಾಯ. ಹಾಗೆಂದು ದುಡಿಮೆಯೇ ಆಟಕ್ಕೆ ಸಮವೆಂದೂ ನಾನು ಹೇಳಲಾರೆ, ಆಡುವ ಹಕ್ಕು ಅವಳಿಗೂ ಇದೆ. ಸಂಜೆಯ ತರಬೇತಿಗೆ ನಿಲ್ಲಿಸಿಕೊಂಡರೆ ಕತ್ತಲಾಗುವ ಮುನ್ನ ಮನೆ ಸೇರಲಾಗದು. ಆನೆ ಓಡಾಡುವ ದಾರಿಯಲ್ಲಿ ಮಗಳನ್ನು ಒಬ್ಬಳನ್ನೇ ಬಿಡಲು ಯಾವ ತಾಯಿಯೂ ಒಪ್ಪುವುದಿಲ್ಲ.

ಉತ್ತರ 3 – ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಪೊನ್ನಂಪೇಟೆ

1997ರಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವದಿಂದಾಗಿ ಮನೆಯಲ್ಲೇ ಹಾಕಿ ಸ್ಟಿಕ್ ಕಂಡು ಬೆಳೆದ ಹುಡುಗಿಗೂ, ಮೈದಾನಕ್ಕೆ ಕರೆಯುವವರೇ ಇಲ್ಲದ ಹುಡುಗಿಗೂ ನಡುವಿನ ವ್ಯತ್ಯಾಸ ರಕ್ತದ್ದಲ್ಲ. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲು ಬಾಗಿಲು ಭದ್ರವಾಗಿರುವ, ನೀರಿರುವ ಶೌಚಾಲಯ ಬೇಕು. ಮೈ ಮುಚ್ಚುವ ಟ್ರ್ಯಾಕ್ ಪ್ಯಾಂಟ್‌ಗೆ ಅನುಮತಿ ಕೊಟ್ಟರೆ ಸಂಕೋಚಪಡುವ ಹುಡುಗಿಯರಿಗೆ ಅನುಕೂಲವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮೈದಾನವೇ ಕೆಸರಾಗುವುದರಿಂದ ಸಭಾಂಗಣದಲ್ಲಿ ಹಗ್ಗದಾಟವನ್ನಾದರೂ ನಡೆಸಿ. ಮಕ್ಕಳ ಚಟುವಟಿಕೆಯ ಲೆಕ್ಕ ಇಡುವಾಗ ಕುಳಿತಿರುವ ಹೊತ್ತನ್ನು, ಮುಖ್ಯವಾಗಿ ಮೊಬೈಲ್ ನೋಡುವ ಹೊತ್ತನ್ನು, ಬೇರೆಯಾಗಿಯೇ ಬರೆದುಕೊಳ್ಳಿ; ಬೆಳಿಗ್ಗೆ ಒಂದು ಗಂಟೆ ಓಡಿದವಳೂ ಸಂಜೆಯೆಲ್ಲ ಕುಳಿತಿರಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಡಿಗೆ, ಮನೆಗೆಲಸ, ಆಟ, ಕುಳಿತ ಹೊತ್ತು ಇವಿಷ್ಟನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ. ತರಬೇತಿಯನ್ನು ಶಾಲೆಯ ಅವಧಿಯೊಳಗೇ ತರುವಂತೆ ಮುಖ್ಯೋಪಾಧ್ಯಾಯರಲ್ಲಿ ಈ ವಾರವೇ ಮನವಿ ಮಾಡಿಕೊಳ್ಳುತ್ತೇನೆ.